ಆಯುಧಪೂಜೆಯ ಬೋನಸ್ಸು, ಹೊಸ ಚಿತ್ರದ ಟಿಕೆಟ್ಟು

ಆಶ್ವಯುಜ ಮಾಸ ಸಮೀಪಿಸಿತೆಂದರೆ ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ಎರಡು ವಿಷಯಗಳ ಮಾತು ಒಟ್ಟಿಗೇ ಆರಂಭವಾಗುತ್ತದೆ. ಒಂದು, ಹಬ್ಬದ ಬೋನಸ್ಸು. ಮತ್ತೊಂದು, ಹಬ್ಬಕ್ಕೆ ತೆರೆ ಕಾಣಲಿರುವ ಹೊಸ ಚಿತ್ರ. ಯಂತ್ರಗಳಿಗೆ ಅರಿಸಿನ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಕಾರ್ಮಿಕರು ಹಣದೊಂದಿಗೆ ಮನೆಗೆ ಹೊರಡುವ ದಿನವೇ ಚಿತ್ರದ ಬಿಡುಗಡೆಗೂ ಪ್ರಶಸ್ತವೆಂಬುದನ್ನು ಕನ್ನಡ ಚಿತ್ರೋದ್ಯಮ ಬಹುಕಾಲದಿಂದ ಅರಿತಿದೆ. ಶರದೃತುವಿನ ಈ ನಿರೀಕ್ಷೆ ಅಭಿಮಾನಿಗಳಿಗಷ್ಟೇ ಸೀಮಿತವಾದುದಲ್ಲ. ಅದರ ಹಿಂದೆ ದೊಡ್ಡದೊಂದು ವ್ಯಾಪಾರವಿದೆ.

ಒಂದು ದಿನದ ಬೆಲೆ

ಚಿತ್ರವು ನಿರ್ಮಾಪಕರಿಂದ ಹಂಚಿಕೆದಾರರಿಗೆ, ಅವರಿಂದ ಪ್ರದರ್ಶಕರಿಗೆ ಸಾಗುವ ಸರಕು. ವ್ಯಾಪಾರದ ಅನುಕೂಲಕ್ಕೆ ರಾಜ್ಯವನ್ನು ಪ್ರದೇಶಗಳಾಗಿ ವಿಂಗಡಿಸಲಾಗಿದ್ದು, ಬೆಂಗಳೂರು, ಕೋಲಾರ, ತುಮಕೂರು ಸೇರಿದ ‘ಬಿ.ಕೆ.ಟಿ.’ ಅವುಗಳಲ್ಲಿ ಪ್ರಮುಖವಾದುದು. ಹಂಚಿಕೆದಾರರು ಮುಂಗಡ ನೀಡಿಯೋ, ಕನಿಷ್ಠ ಖಾತರಿ ಮೊತ್ತಕ್ಕೆ ಒಪ್ಪಿಯೋ ಹಕ್ಕು ಪಡೆಯುತ್ತಾರೆ. ಚಿತ್ರಮಂದಿರದವರು ಬಾಡಿಗೆಗೋ, ಗಳಿಕೆಯ ಶೇಕಡಾವಾರು ಪಾಲಿಗೋ ಪ್ರದರ್ಶಿಸುತ್ತಾರೆ. ಈ ಸರಪಳಿಯ ಒಂದು ಕೊಂಡಿ ಸಡಿಲಗೊಂಡರೂ ಹಬ್ಬದ ಮುಹೂರ್ತ ತಪ್ಪುತ್ತದೆ.

2021ರ ಪ್ರಸಂಗ ಇದಕ್ಕೆ ಸಾಕ್ಷಿ. ಕೋವಿಡ್ ನಿರ್ಬಂಧ ಸಡಿಲಿಸಿ ಅಕ್ಟೋಬರ್ 1ರಿಂದ ಪೂರ್ಣ ಆಸನ ಭರ್ತಿಗೆ ರಾಜ್ಯ ಸರ್ಕಾರ ಅನುಮತಿ ನೀಡಿತ್ತು. ಅಕ್ಟೋಬರ್ 14ರ ಆಯುಧಪೂಜೆಗೆ ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ ‘ಸಲಗ’ ಹಾಗೂ ಸುದೀಪ್ ಅಭಿನಯದ ‘ಕೋಟಿಗೊಬ್ಬ 3’ ಎರಡೂ ಪ್ರಕಟವಾಗಿದ್ದವು. ಮೊದಲನೆಯದು ನಿಗದಿಯಂತೆ ತೆರೆಗೆ ಬಂತು. ಎರಡನೆಯದು ವ್ಯವಹಾರದ ತೊಡಕಿನಿಂದಾಗಿ ಮರುದಿನ, ವಿಜಯದಶಮಿಯಂದು ಬಿಡುಗಡೆಯಾಯಿತು. ತಡವಾದದ್ದು ಒಂದೇ ದಿನ, ಆದರೆ ಅದು ಹಬ್ಬದ ದಿನ. ದೀಪಾವಳಿಯ ಸರಕನ್ನು ಹಬ್ಬ ಕಳೆದ ಮೇಲೆ ತಲುಪಿಸಿದ ತಯಾರಕರಿಗೆ ಆ ದಿನದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬೇಡಿಕೆ ನೋಡಿ ವಿಸ್ತರಣೆ

ರಿಷಬ್ ಶೆಟ್ಟರ ‘ಕಾಂತಾರ’ ಮತ್ತೊಂದು ಪಾಠ. 2022ರ ಸೆಪ್ಟೆಂಬರ್ 30ರಂದು, ನವರಾತ್ರಿಯ ನಡುವೆ, ಅದು ಮೊದಲು ಕನ್ನಡದಲ್ಲಷ್ಟೇ ತೆರೆ ಕಂಡಿತು. ಪ್ರೇಕ್ಷಕರ ಮೆಚ್ಚುಗೆ ಖಚಿತವಾದ ಬಳಿಕ, ಸುಮಾರು ಎರಡು ವಾರಗಳ ಅಂತರದಲ್ಲಿ ಹಿಂದಿ, ತೆಲುಗು, ತಮಿಳು ಅವತರಣಿಕೆಗಳು ಬಂದವು. ಸ್ಥಳೀಯ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ನಿಂತ ಸರಕು ಹೊರಗೂ ನಿಂತಿತು. ಆ ಹೆಸರಿನ ಬಲದ ಮೇಲೆ ‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರ್ 2ರ ವಿಜಯದಶಮಿಯಂದು ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಬಿಡುಗಡೆಯಾಯಿತು.

ದರದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದಕ್ಕೆ ಮೇಲ್ಪಟ್ಟ ದರಕ್ಕೆ ಶೇಕಡಾ 18 ಮುಂದುವರಿಯಿತು. ಅದೇ ತಿಂಗಳು ರಾಜ್ಯ ಸರ್ಕಾರ ವಿಧಿಸಿದ 200 ರೂಪಾಯಿಗಳ ಗರಿಷ್ಠ ಮಿತಿಗೆ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ನಾಲ್ವರ ಕುಟುಂಬಕ್ಕೆ ದರವೇ ನಿರ್ಣಾಯಕ. ಬೋನಸ್ಸಿನ ಹಣ ಮೊದಲು ಬಟ್ಟೆಗೆ, ಸಿಹಿಗೆ, ಊರಿನ ಬಸ್ಸಿಗೆ ಹೋಗುತ್ತದೆ, ಉಳಿದುದರಲ್ಲಿ ಚಿತ್ರ.

ಒಂಟಿ ಪರದೆಯ ಚಿತ್ರಮಂದಿರಗಳ ಅಳಿವು ಉಳಿವು ಇಲ್ಲಿಯೇ ಅಡಗಿದೆ. ಗಾಂಧಿನಗರದ ಕಪಾಲಿ 2017ರಲ್ಲಿ, ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿದವು. ಮಾಗಡಿ ರಸ್ತೆಯ ಜನರಿಗೆ ಬಹುಕಾಲದಿಂದ ಪರಿಚಿತವಾದ ವೀರೇಶ್, ಪ್ರಸನ್ನದಂತಹ ಚಿತ್ರಮಂದಿರಗಳ ಸುತ್ತ ಹೋಟೆಲು, ಹೂವಿನ ಅಂಗಡಿ, ಬ್ಯಾನರ್ ಮುದ್ರಣ, ಆಟೋ ಬಾಡಿಗೆ ಎಲ್ಲವೂ ಹಬ್ಬದ ಚಿತ್ರದೊಂದಿಗೆ ಏರಿಳಿಯುತ್ತವೆ. ಚಿತ್ರಮಂದಿರ ಮುಚ್ಚಿದಾಗ ಇವರ ಸಂಪಾದನೆಗೂ ಪೆಟ್ಟು ಬೀಳುತ್ತದೆ.

ಆದುದರಿಂದ ಬಿಡುಗಡೆಯ ದಿನಾಂಕವನ್ನು ವ್ಯಾಪಾರಸ್ಥರೂ ತಮ್ಮ ಪಂಚಾಂಗದಲ್ಲಿ ಗುರುತಿಸಿಕೊಳ್ಳುವುದು ಲೇಸು. ಮುದ್ರಕರು ಮುಂಗಡವಿಲ್ಲದೆ ಬ್ಯಾನರ್ ಕೆಲಸ ಒಪ್ಪಿಕೊಳ್ಳದಿರುವುದು, ತಿಂಡಿ ಮಾರುವವರು ಮೊದಲ ದಿನದ ಜನಸಂದಣಿ ನೋಡಿದ ನಂತರವೇ ದಾಸ್ತಾನು ಹೆಚ್ಚಿಸುವುದು, ಕಾರ್ಖಾನೆಯವರು ಬೋನಸ್ಸನ್ನು ಹಬ್ಬಕ್ಕೆ ಕೆಲವು ದಿನ ಮೊದಲೇ ವಿತರಿಸುವುದು ಎಲ್ಲರಿಗೂ ಹಿತ. ಸಕಾಲದಲ್ಲಿ ಕೈಸೇರಿದ ಹಣವೇ ಪೇಟೆಯಲ್ಲಿ ಹಬ್ಬವನ್ನು ಆರಂಭಿಸುತ್ತದೆ.