ಸಹಾಯಾರ್ಥ ನಡಿಗೆಗೆ ಜಾಗ ಯಾರದು?

ಅಡಿಕೆ ಕೊಯಿಲು, ಕಾಫಿ ಕೊಯಿಲು ಮುಗಿದ ಮೇಲೆ ನಮ್ಮ ಊರುಗಳಲ್ಲಿ ಸಾರ್ವಜನಿಕ ಕೆಲಸಗಳಿಗೆ ಬಿಡುವು ದೊರೆಯುತ್ತದೆ. ಆಸ್ಪತ್ರೆಗಾಗಿ, ಬಡ ಮಕ್ಕಳ ಓದಿಗಾಗಿ ನಿಧಿ ಕೂಡಿಸಲು ಸಹಾಯಾರ್ಥ ನಡಿಗೆ ಏರ್ಪಡಿಸುವುದುಂಟು. ಇಂಥ ನಡಿಗೆ ಸಾಮಾನ್ಯವಾಗಿ ಸರ್ಕಾರಿ ಶಾಲೆಯ ಮೈದಾನದಿಂದ ಹೊರಡುತ್ತದೆ. ಆ ಮೈದಾನ ಸಿಗದೆ ಹೋದರೆ ಏನು ಗತಿ? 2025ರಲ್ಲಿ ನಡೆದ ಒಂದು ವಿವಾದದಿಂದ ಈ ಪ್ರಶ್ನೆ ಎದ್ದಿದೆ. ಬೆಳೆಗಾರ ಬಾಂಧವರು ಇದನ್ನು ತಿಳಿದಿರುವುದು ಒಳ್ಳೆಯದು.

ವಿವಾದದ ಕೇಂದ್ರ ನಮಗೆ ದೂರದ ಚಿತ್ತಾಪುರ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು, ವಾಡಿಯ ಸಿಮೆಂಟು ಬರುವ ಕಲಬುರಗಿ ಜಿಲ್ಲೆಯ ಊರು ಅದು. ರಾಷ್ಟ್ರೀಯ ಸ್ವಯಂಸೇವಕ ಸಂಘವು ಅಲ್ಲಿ ಅಕ್ಟೋಬರ್ 19ರಂದು ಪಥಸಂಚಲನ ನಡೆಸಲು ಅನುಮತಿ ಕೇಳಿತ್ತು. ಅದೇ ದಿನ, ಅದೇ ದಾರಿಗೆ ಬೇರೆ ಸಂಘಟನೆಗಳೂ ಅರ್ಜಿ ಕೊಟ್ಟವು. ಶಾಂತಿಭಂಗವಾದೀತೆಂದು ತಹಶೀಲ್ದಾರರು ಅನುಮತಿ ನಿರಾಕರಿಸಿದರು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. ಶಾಂತಿಸಭೆಗಳು ನಡೆದವು. ಕೊನೆಗೆ ನವೆಂಬರ್ 16ರಂದು 300 ಮಂದಿ ಸ್ವಯಂಸೇವಕರು ಹಾಗೂ 50 ಮಂದಿ ವಾದ್ಯದವರು ಎಂಬ ಮಿತಿಯೊಳಗೆ ಸಂಚಲನ ನಡೆಯಿತು.

ಇದರ ನಡುವೆ ಅಕ್ಟೋಬರ್ 18ರಂದು ಸರ್ಕಾರ ಒಂದು ಆದೇಶ ಹೊರಡಿಸಿತು. ಖಾಸಗಿ ಸಂಘ ಸಂಸ್ಥೆಗಳು ಪೂರ್ವಾನುಮತಿ ಇಲ್ಲದೆ ಸರ್ಕಾರದ ಜಾಗಗಳನ್ನು ಬಳಸಕೂಡದು. ಅನುಮತಿಯಿಲ್ಲದೆ ಹತ್ತಕ್ಕಿಂತ ಹೆಚ್ಚು ಮಂದಿ ಸೇರಿದರೆ ಅದು ಅಕ್ರಮ ಕೂಟ ಎಂಬುದು ಅದರ ಸಾರಾಂಶ. ಆದೇಶದಲ್ಲಿ ಯಾವುದೇ ಸಂಘಟನೆಯ ಹೆಸರಿರಲಿಲ್ಲ. ಹೀಗಾಗಿ ಅದು ದೊಡ್ಡ ಸಂಘಟನೆಗಳಿಗೆ ಮಾತ್ರವಲ್ಲ, ಸಣ್ಣ ಸೇವಾಸಂಸ್ಥೆಗಳಿಗೂ ತಗಲುವಂತಿತ್ತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದದ್ದು ಹುಬ್ಬಳ್ಳಿಯ ಪುನಶ್ಚೇತನ ಸೇವಾ ಸಂಸ್ಥೆ. ಅಕ್ಟೋಬರ್ 28ರಂದು ಧಾರವಾಡ ಪೀಠ ಮಧ್ಯಂತರ ತಡೆಯಾಜ್ಞೆ ನೀಡಿತು. ಸರ್ಕಾರದ ಮೇಲ್ಮನವಿಯನ್ನು ನವೆಂಬರಿನಲ್ಲಿ ವಿಭಾಗೀಯ ಪೀಠ ತಳ್ಳಿಹಾಕಿತು.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಮ್ಮ ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ತೋಟದ ನಡುವಿನ ರೂಢಿಯ ಕಾಲುದಾರಿಯಲ್ಲಿ ಊರವರು ಓಡಾಡುವುದನ್ನು ನಾವು ತಡೆಯುವಂತಿಲ್ಲ. ಆದರೆ ಅಡಿಕೆ ಒಣಹಾಕಿದ ಅಂಗಳಕ್ಕೆ ಬರಬೇಕಾದರೆ ನಮ್ಮನ್ನು ಕೇಳಲೇಬೇಕು. ಸಾರ್ವಜನಿಕ ರಸ್ತೆ ಕಾಲುದಾರಿಯಂತೆ. ಶಾಲೆ, ಕಚೇರಿಗಳ ಆವರಣ ಅಂಗಳದಂತೆ.

ಸಂವಿಧಾನದ 19ನೇ ವಿಧಿಯು ಶಾಂತಿಯುತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ. ಸಾರ್ವಜನಿಕ ಶಾಂತಿಗಾಗಿ ಯುಕ್ತ ನಿರ್ಬಂಧ ಹಾಕಲು ಸರ್ಕಾರಕ್ಕೂ ಅಧಿಕಾರವಿದೆ. 1972ರಲ್ಲಿ ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಸ್ತೆಯಲ್ಲಿ ಸಭೆಗೆ ಅನುಮತಿ ಪಡೆಯಬೇಕೆಂಬ ನಿಯಮ ಇರಬಹುದು, ಆದರೆ ಅಧಿಕಾರಿ ಮನಬಂದಂತೆ ನಿರಾಕರಿಸಲು ಅವಕಾಶವಿರಕೂಡದು ಎಂದಿತು. 1969ರ ರೈಲ್ವೆ ಮಂಡಳಿಯ ಮೊಕದ್ದಮೆಯಲ್ಲಾದರೋ, ಸರ್ಕಾರದ ಸ್ವತ್ತು ಎಂಬ ಮಾತ್ರಕ್ಕೆ ಅದರೊಳಗೆ ಸಭೆ ನಡೆಸುವ ಹಕ್ಕಿಲ್ಲವೆಂದು ತೀರ್ಪಾಗಿತ್ತು. ಶಾಲಾ ಮೈದಾನಗಳನ್ನು ಶೈಕ್ಷಣಿಕ ಚಟುವಟಿಕೆಗೆ ಮಾತ್ರ ಕೊಡಬೇಕೆಂದು ಶಿಕ್ಷಣ ಇಲಾಖೆಯ ಸುತ್ತೋಲೆ 2013ರಲ್ಲಿಯೇ ಬಂದಿತ್ತು.

ಇದರಿಂದ ನಾವು ಕಲಿಯಬೇಕಾದುದು ಇಷ್ಟು. ಮೈದಾನ ನಮ್ಮೂರಿನದು ಎಂಬ ನಂಬಿಕೆಯೊಂದೇ ಸಾಲದು. ನಡಿಗೆಗೆ ಮುಂಚಿತವಾಗಿಯೇ ಲಿಖಿತ ಅರ್ಜಿ ಕೊಡಿ. ಉದ್ದೇಶ, ದಾರಿ, ವೇಳೆ, ಜನರ ಅಂದಾಜು ಸಂಖ್ಯೆ, ಹೊಣೆಗಾರರ ಹೆಸರು ಅದರಲ್ಲಿರಲಿ. ರಸ್ತೆಯ ವಿಷಯ ಪೊಲೀಸರಿಗೆ, ಮೈದಾನದ ವಿಷಯ ಅದರ ಒಡೆತನವಿರುವ ಇಲಾಖೆಗೆ ಪ್ರತ್ಯೇಕವಾಗಿ ಬರೆಯಿರಿ. ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬದಲಿ ದಿನ, ಬದಲಿ ಜಾಗವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಸಂಘದ ಗೋದಾಮಿನ ಅಂಗಳವೂ ಆದೀತು.

ಇಂದು ಒಪ್ಪದವರ ನಡಿಗೆಗೆ ಹಾಕಿದ ಬೇಲಿ ನಾಳೆ ನಮ್ಮ ದಾರಿಗೂ ಬಂದೀತು. ನಿಯಮ ಎಲ್ಲರಿಗೂ ಒಂದೇ ಆಗಿದ್ದು, ಕಾರಣ ಬರಹದಲ್ಲಿದ್ದರೆ, ಅನುಮತಿ ಕೇಳುವುದು ಯಾರಿಗೂ ಅವಮಾನವಲ್ಲ.