ಕೊಂಡ ತಂಡ, ಕಟ್ಟಿದ ತಂಡ

ವಿನೋಬನಗರದ ಅಡ್ಡರಸ್ತೆಗಳಲ್ಲಿ ಭಾನುವಾರ ಬೆಳಗ್ಗೆ ನಡೆದುಹೋಗುವವರಿಗೆ ಈ ನೋಟ ಹೊಸದಲ್ಲ. ಇಬ್ಬರು ಹುಡುಗರು ನಾಯಕರಾಗಿ ನಿಂತಿರುತ್ತಾರೆ. ಉಳಿದವರಲ್ಲಿ ಸರಿಸಮಾನರಾದ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, "ಹುಲಿ ಬೇಕೋ, ಸಿಂಹ ಬೇಕೋ?" ಎಂದು ಕೇಳುತ್ತಾರೆ. ನಾಯಕನು ಹುಲಿ ಎಂದರೆ ಒಬ್ಬ ಇತ್ತ, ಇನ್ನೊಬ್ಬ ಅತ್ತ. ಜೋಡಿ ಸಿಗದೆ ಉಳಿದ ಚಿಕ್ಕವನೊಬ್ಬ ಎರಡೂ ಕಡೆಗೆ ಸೇರುತ್ತಾನೆ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಯಾರೂ ಬರೆದಿಡದ ಈ ನಿಯಮದ ಹಿಂದೆ ಒಂದು ವಿವೇಕವಿದೆ. ಬಲಿಷ್ಠರೆಲ್ಲ ಒಂದೇ ಕಡೆ ಸೇರಿದರೆ ಆಟವೇ ನಡೆಯುವುದಿಲ್ಲವೆಂಬುದು ಆ ಮಕ್ಕಳಿಗೆ ತಿಳಿದಿದೆ.

ಇದೇ ವಿವೇಕವನ್ನು ದೊಡ್ಡವರು ಕೋಟಿ ಕೋಟಿ ಹಣವಿಟ್ಟು ಕಾನೂನಾಗಿ ಮಾಡಿಕೊಂಡಿದ್ದಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಕ್ಕೂಟದಲ್ಲಿ ಒಂದು ಕಾಲಕ್ಕೆ ಆಟಗಾರನು ತನ್ನ ತಂಡಕ್ಕೆ ಕಟ್ಟಿಹಾಕಿದ ಎತ್ತಿನಂತಿದ್ದನು. ಕರಾರು ಮುಗಿದರೂ ಬೇರೆಡೆಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಆಸ್ಕರ್ ರಾಬರ್ಟ್‌ಸನ್ ಎಂಬ ಆಟಗಾರನ ಹೆಸರಿನಲ್ಲಿ ನಡೆದ ವ್ಯಾಜ್ಯವು 1976ರಲ್ಲಿ ರಾಜಿಯಾದ ಬಳಿಕ ಆ ಹಗ್ಗ ಸಡಿಲವಾಯಿತು. ಆದರೆ ಹಣವಂತ ತಂಡಗಳೇ ಎಲ್ಲರನ್ನೂ ಸೆಳೆದುಕೊಂಡಾವೆಂಬ ಭಯದಿಂದ 1984-85ರಿಂದ ವೇತನಕ್ಕೆ ಮಿತಿ ಬಂದಿತು. ಈ ಮಿತಿಯೊಳಗೆ ತಂಡ ಕಟ್ಟುವ ದಾರಿಗಳು ಮುಖ್ಯವಾಗಿ ಎರಡು. ಸ್ಯಾನ್ ಆಂಟೋನಿಯೋ ನಗರದ ತಂಡವು ಎಳೆಯರನ್ನು ಹುಡುಕಿ ತಂದು, ವರ್ಷಗಟ್ಟಲೆ ಬೆಳೆಸಿ, 1999ರಿಂದ 2014ರೊಳಗೆ ಐದು ಬಾರಿ ಪ್ರಶಸ್ತಿ ಗೆದ್ದಿತು. ಅದರ ಆಧಾರಸ್ತಂಭಗಳಲ್ಲಿ ಒಬ್ಬನಾದ ಮನು ಜಿನೋಬಿಲಿ 1999ರ ಆಯ್ಕೆಯಲ್ಲಿ 57ನೆಯವನಾಗಿ ಸಿಕ್ಕವನು. ಮಯಾಮಿಯ ತಂಡವಾದರೋ 2010ರಲ್ಲಿ ಕರಾರು ಮುಗಿಸಿ ಸ್ವತಂತ್ರರಾಗಿದ್ದ ಲೆಬ್ರಾನ್ ಜೇಮ್ಸ್ ಮೊದಲಾದ ಘಟಾನುಘಟಿಗಳನ್ನು ಒಟ್ಟಿಗೆ ಸೇರಿಸಿ 2012 ಮತ್ತು 2013ರಲ್ಲಿ ಗೆದ್ದಿತು. 2013ರ ಅಂತಿಮ ಸರಣಿಯಲ್ಲಿ ಕೊಂಡವರು ಗೆದ್ದರು, 2014ರಲ್ಲಿ ಅದೇ ಇಬ್ಬರ ನಡುವೆ ಬೆಳೆಸಿದವರು ಗೆದ್ದರು. ಎರಡೂ ದಾರಿಗಳು ಊರು ಮುಟ್ಟುತ್ತವೆ ಎಂದಾಯಿತು.

ಇಷ್ಟು ದೂರದ ಕಥೆ ನಮಗೇಕೆ ಎನ್ನುವ ವಾಚಕರು ತಮ್ಮ ಮನೆಯ ದೂರದರ್ಶನ ಪೆಟ್ಟಿಗೆಯನ್ನೊಮ್ಮೆ ನೋಡಲಿ. 2008ರಲ್ಲಿ ಆರಂಭವಾದ ಐಪಿಎಲ್ ಕ್ರಿಕೆಟ್ ಇದೇ ಮಾದರಿಯದು. ಆಟಗಾರರ ಹರಾಜು, ಹಳಬರನ್ನು ಉಳಿಸಿಕೊಳ್ಳುವ ಹಕ್ಕು, ತಂಡ ತಂಡಗಳ ನಡುವೆ ಕೊಡುಕೊಳ್ಳುವಿಕೆ, ಖರ್ಚಿಗೊಂದು ಮಿತಿ - ಎಲ್ಲವೂ ಇಲ್ಲಿಯೂ ಇವೆ. 2009ಕ್ಕೆ ಮುಂಚೆ ಬೆಂಗಳೂರು ತಂಡವು ಜಹೀರ್ ಖಾನರನ್ನು ಮುಂಬಯಿಗೆ ಕೊಟ್ಟು ನಮ್ಮ ಕೊಡಗಿನ ರಾಬಿನ್ ಉತ್ತಪ್ಪರನ್ನು ಪಡೆದಾಗ, ಇದೇನು ಜಾನುವಾರು ಜಾತ್ರೆಯೇ ಎಂದು ಹಿರಿಯರನೇಕರು ಮೂಗು ಮುರಿದದ್ದುಂಟು. ದಾವಣಗೆರೆಯ ದಲಾಲಿ ಅಂಗಡಿಗಳವರಿಗೆ ಮಾತ್ರ ಇದರಲ್ಲಿ ಸೋಜಿಗವೇನೂ ಕಂಡಿರಲಾರದು. ಮೆಕ್ಕೆಜೋಳದ ರಾಶಿಯ ಮುಂದೆ ಸವಾಲು ಕೂಗುವಾಗ ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನೇ ವ್ಯಾಪಾರಿ. ಕೈಚೀಲ ಬರಿದಾದ ಮೇಲೆ ಒಳ್ಳೆಯ ರಾಶಿ ಬಂದರೆ ನೋಡುತ್ತ ನಿಲ್ಲುವುದೊಂದೇ ಉಳಿದ ಕೆಲಸ.

ಈ ಮಾರುಕಟ್ಟೆಯ ಒಳಹೊರಗನ್ನು ನಮ್ಮೂರಿನ ಮಗನೊಬ್ಬನಷ್ಟು ಕಂಡವರು ವಿರಳ. 1984ರಲ್ಲಿ ದಾವಣಗೆರೆಯಲ್ಲಿ ಜನಿಸಿದ, ಆಟೋ ಚಾಲಕರ ಮಗ ಆರ್. ವಿನಯ್ ಕುಮಾರ್ 2008ರಲ್ಲಿ ಬೆಂಗಳೂರು ತಂಡದಲ್ಲಿದ್ದರು, 2011ರಲ್ಲಿ ಕೊಚ್ಚಿ. ಆ ತಂಡ ಒಂದೇ ವರ್ಷಕ್ಕೆ ಮುಚ್ಚಿಹೋದಾಗ 2012ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟು ಬೆಂಗಳೂರೇ ಮರಳಿ ಕೊಂಡಿತು. 2014ರಲ್ಲಿ 2.80 ಕೋಟಿ ರೂಪಾಯಿಗೆ ಕೋಲ್ಕತ್ತ, ಮರುವರ್ಷ ತಂಡ ತಂಡಗಳ ಒಪ್ಪಂದದ ಮೂಲಕ ಮುಂಬಯಿ, 2018ರಲ್ಲಿ ಒಂದು ಕೋಟಿಗೆ ಮತ್ತೆ ಕೋಲ್ಕತ್ತ. 105 ಪಂದ್ಯಗಳಲ್ಲಿ 105 ಹುದ್ದರಿ. ಅವರಿದ್ದ ಕೋಲ್ಕತ್ತ 2014ರಲ್ಲಿ, ಮುಂಬಯಿ 2015 ಮತ್ತು 2017ರಲ್ಲಿ ಪ್ರಶಸ್ತಿ ಗೆದ್ದವು. ಅಷ್ಟಾದರೂ ಬೆಲೆ ಹತ್ತಿದ್ದೂ ಇಳಿದದ್ದೂ ಅವರ ಕೈಯಲ್ಲಿರಲಿಲ್ಲ. ಯಾವ ತಂಡಕ್ಕೆ ಯಾವ ವರ್ಷ ಯಾವ ಜಾಗ ಖಾಲಿಯಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆಯೇ ಹೊರತು ಆಟಗಾರನ ಯೋಗ್ಯತೆಯೊಂದರ ಮೇಲಲ್ಲ. ತಮ್ಮ ಮಕ್ಕಳನ್ನು ಕ್ರಿಕೆಟ್ ತರಬೇತಿಗೆ ಸೇರಿಸಿ ಹರಾಜಿನ ಅಂಕಿಗಳನ್ನು ಕನಸಿನಲ್ಲಿ ಕಾಣುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಇದೇ ವಿನಯ್ ಕುಮಾರರ ಇನ್ನೊಂದು ಬದುಕು ರಣಜಿ ಟ್ರೋಫಿಯಲ್ಲಿ ನಡೆಯಿತು. ಅಲ್ಲಿ ಹರಾಜಿಲ್ಲ. 1998-99ರ ಬಳಿಕ ಕರ್ನಾಟಕಕ್ಕೆ ರಣಜಿ ಮರೀಚಿಕೆಯಾಗಿತ್ತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿಯ ಎದುರು ಅಂತಿಮ ಪಂದ್ಯವನ್ನು ಕೇವಲ 6 ರನ್ನುಗಳಿಂದ ಸೋತ ನೋವು ಆಟ ಬಲ್ಲವರಿಗೆ ಇನ್ನೂ ಮಾಸಿಲ್ಲ. ಅನಂತರ ವಿನಯ್ ನಾಯಕತ್ವದಲ್ಲಿ ರೂಪುಗೊಂಡ ತಂಡವನ್ನು ನೋಡಿ: ದಾವಣಗೆರೆಯ ನಾಯಕ, ಮಂಗಳೂರಿನ ಕಡೆ ಬೆಳೆದ ಕೆ.ಎಲ್. ರಾಹುಲ್, ಮಂಡ್ಯದ ಎಚ್.ಎಸ್. ಶರತ್, ಬೆಳಗಾವಿಯ ರೋನಿತ್ ಮೋರೆ, ಕೊಡಗಿನ ಉತ್ತಪ್ಪ, ಬೆಂಗಳೂರಿನ ಅಭಿಮನ್ಯು ಮಿಥುನ್. ರಾಜ್ಯದ ಮೂಲೆಮೂಲೆಗಳಿಂದ ಬಂದು ವಯೋಮಿತಿಯ ತಂಡಗಳಲ್ಲಿ ಒಟ್ಟಿಗೆ ಬೆಳೆದವರು ಅವರಲ್ಲಿ ಅನೇಕರು. 2013-14 ಮತ್ತು 2014-15, ಎರಡೂ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಪ್ರಶಸ್ತಿಗಳು ಕರ್ನಾಟಕದವಾದವು. ಎರಡನೆಯ ರಣಜಿ ಅಂತಿಮದಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ರನ್ನು ಹೊಡೆದದ್ದು ಎಲ್ಲರಿಗೂ ನೆನಪಿದೆ; ಅದೇ ಸರದಿಯಲ್ಲಿ ನಾಯಕನು ಅಜೇಯ 105 ರನ್ನು ಗಳಿಸಿದ್ದನ್ನು ಮರೆತವರೇ ಹೆಚ್ಚು.

ಆದರೆ ಬೆಳೆಸಿದ ತಂಡಕ್ಕೂ ಒಂದು ಕಷ್ಟವಿದೆ: ಬೆಳೆದವರೆಲ್ಲರಿಗೂ ಮನೆಯಲ್ಲಿ ಜಾಗ ಸಾಲುವುದಿಲ್ಲ. 2013-14ರ ಅಂತಿಮ ಪಂದ್ಯದಲ್ಲಿ ಮಹಾರಾಷ್ಟ್ರದ ವಿರುದ್ಧ ಶತಕ ಬಾರಿಸಿದ ಗಣೇಶ್ ಸತೀಶ್ ಕೂಡ ದಾವಣಗೆರೆಯಲ್ಲಿ ಹುಟ್ಟಿದವರೇ. ಅವರು ಅನಂತರ ವಿದರ್ಭಕ್ಕೆ ಹೊರಟುಹೋದರು. ಬೇರೆ ರಾಜ್ಯದಿಂದ ಬಂದ ಕೆಲವೇ ಆಟಗಾರರನ್ನು ಅತಿಥಿಗಳಾಗಿ ಸೇರಿಸಿಕೊಳ್ಳಲು ರಣಜಿ ನಿಯಮದಲ್ಲಿ ಅವಕಾಶವಿದೆ. ಅಂದು ಯಾರೂ ಲೆಕ್ಕಕ್ಕಿಡದಿದ್ದ ವಿದರ್ಭವು ಈ ಅವಕಾಶವನ್ನು ಬಲು ಮಿತವಾಗಿ, ಬಲು ಜಾಣತನದಿಂದ ಬಳಸಿಕೊಂಡಿತು. ಸ್ಥಳೀಯ ಹುಡುಗರ ನಡುವೆ ಮುಂಬಯಿಯ ವಾಸಿಂ ಜಾಫರ್ ಮತ್ತು ನಮ್ಮ ಸತೀಶ್; ಮೇಲೆ ಕಟ್ಟುನಿಟ್ಟಿನ ತರಬೇತುದಾರ ಚಂದ್ರಕಾಂತ ಪಂಡಿತ್.

2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಈಡನ್ ಮೈದಾನದಲ್ಲಿ ಉಪಾಂತ್ಯ. ಒಂದು ಕಡೆ ವಿನಯ್ ಕುಮಾರರ ಕರ್ನಾಟಕ, ಇನ್ನೊಂದು ಕಡೆ ಸತೀಶರಿದ್ದ ವಿದರ್ಭ. ಒಂದೇ ಊರಿನ ಇಬ್ಬರು ಎದುರುಬದುರು! ಹುಲಿಯೊಂದು ಕಡೆ, ಸಿಂಹವೊಂದು ಕಡೆ ಎಂಬಂತಾಯಿತು. ಮೊದಲ ಸರದಿಯಲ್ಲಿ ನೂರಕ್ಕೂ ಮಿಕ್ಕಿ ಹಿಂದೆ ಬಿದ್ದಿದ್ದ ವಿದರ್ಭಕ್ಕೆ ಎರಡನೆಯ ಸರದಿಯಲ್ಲಿ ಸತೀಶ್ 81 ರನ್ನುಗಳ ಆಸರೆಯಿತ್ತರು. ಗೆಲ್ಲಲು 198 ಬೇಕಿದ್ದ ಕರ್ನಾಟಕವು ನಾಗಪುರದ ಯುವಕ ರಜನೀಶ್ ಗುರ್ಬಾನಿಯ ದಾಳಿಗೆ 192ಕ್ಕೆ ಮುಗಿದು, 5 ರನ್ನುಗಳಿಂದ ಸೋತಿತು. ವಿದರ್ಭವು ಮೊದಲ ಬಾರಿಗೆ ರಣಜಿ ಗೆದ್ದಿತು, ಮರುವರ್ಷವೂ ಗೆದ್ದಿತು. ಸಾಲದೆಂಬಂತೆ, ಕರ್ನಾಟಕದಲ್ಲಿ ಜಾಗ ಕಳೆದುಕೊಂಡ ಕರುಣ್ ನಾಯರ್ 2023ರಲ್ಲಿ ಅಲ್ಲಿಗೇ ಹೋಗಿ, 2024-25ರಲ್ಲಿ 863 ರನ್ನು ಕೂಡಿಸಿ ಅದಕ್ಕೆ ಮೂರನೆಯ ಪ್ರಶಸ್ತಿ ತರಲು ನೆರವಾದರು. ಬಳಿಕ 2025-26ಕ್ಕೆ ತವರಿಗೆ ಮರಳಿದರು. ಸತೀಶರನ್ನಾಗಲಿ ಕರುಣರನ್ನಾಗಲಿ ನಾಡದ್ರೋಹಿಗಳೆಂದು ಜರೆಯುವುದು ನ್ಯಾಯವಲ್ಲ. ಕಾಯಕವನ್ನೇ ಬದುಕೆಂದು ನಂಬಿದವನಿಗೆ ಕಾಯಕ ದೊರೆಯದ ಅಂಗಳದಲ್ಲಿ ಕೈಕಟ್ಟಿ ಕೂರೆಂದು ಹೇಳಲು ನಮಗೆ ಅಧಿಕಾರವಿಲ್ಲ. ಕಲ್ಯಾಣದ ಅನುಭವ ಮಂಟಪಕ್ಕೆ ಬಳ್ಳಿಗಾವೆಯಿಂದ, ಸೊನ್ನಲಿಗೆಯಿಂದ, ಕಾಶ್ಮೀರದಿಂದ ಬಂದವರೂ ತವರು ಬಿಟ್ಟವರೇ ಅಲ್ಲವೇ?

ಇನ್ನು ನಮ್ಮ ಬೆಂಗಳೂರು ತಂಡ. 2009, 2011, 2016ರಲ್ಲಿ ಅಂತಿಮಕ್ಕೇರಿ ಸೋತ ಈ ತಂಡವು ಬಹುಕಾಲ ಹೆಸರುವಾಸಿ ದಾಂಡಿಗರ ಮೇಲೆ ಹಣ ಸುರಿದು, ಬೌಲಿಂಗ್ ವಿಷಯದಲ್ಲಿ ದಾರಿದ್ರ್ಯವನ್ನು ಅನುಭವಿಸಿತೆಂಬುದು ನನ್ನ ಅಭಿಪ್ರಾಯ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಂಗಳದಿಂದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಹರಾಜಿನ ಮೇಜಿನ ಬಳಿ ಒಬ್ಬ ಲಕ್ಕಮ್ಮ ಇರಬೇಕಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಆ ವಿವೇಕ ಕಂಡಿತು. ಪ್ರತಿ ತಂಡಕ್ಕೆ 120 ಕೋಟಿಯ ಮಿತಿ. ಲಖನೌ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಬೆಂಗಳೂರು ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನೇ 37 ಕೋಟಿಗೆ ಉಳಿಸಿಕೊಂಡು, ಮಿಕ್ಕ 83 ಕೋಟಿಯನ್ನು ಹಂಚಿ ಹಂಚಿ ಖರ್ಚು ಮಾಡಿತು. ಹೇಜಲ್‌ವುಡ್ 12.50 ಕೋಟಿ, ಭುವನೇಶ್ವರ್ 10.75, ಕೃಣಾಲ್ ಪಾಂಡ್ಯ 5.75, ದೇವದತ್ತ ಪಡಿಕ್ಕಲ್ 2 ಕೋಟಿ. ಅಂದು ಅಭಿಮಾನಿಗಳು ಗೊಣಗಿದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಎದುರು ಪಂದ್ಯಪುರುಷನಾದವನು ಇದೇ ಕೃಣಾಲ್: ನಾಲ್ಕು ಓವರಿಗೆ 17 ರನ್ನು, ಎರಡು ಹುದ್ದರಿ. ಗೆಲುವಿನ ಅಂತರ 6 ರನ್ನು, ಮೈಸೂರಿನಲ್ಲಿ ಸೋತಷ್ಟೇ. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಪ್ರಾಣಬಿಟ್ಟರು. ಆ ಮನೆಗಳವರಿಗೆ ಈ ಪ್ರಶಸ್ತಿಯ ಮಾತು ಬೇಡವೇ ಬೇಡ.

ದಾವಣಗೆರೆಯ ಹೆಸರಿನಲ್ಲಿಯೂ ಒಮ್ಮೆ ತಂಡವಿತ್ತು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದಾಗ ದಾವಣಗೆರೆ ಡೈಮಂಡ್ಸ್ ಎಂಬುದೂ ಕಣದಲ್ಲಿತ್ತು. 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಈ ಊರಿನ ಹೆಸರಿರಲಿಲ್ಲ. ಆದ್ದರಿಂದ ಇಲ್ಲಿಯ ಹುಡುಗನು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಆಡಬೇಕು. ಅಲ್ಲಿಂದ ಯಾರ ಕಣ್ಣಿಗಾದರೂ ಬೀಳಬೇಕು. ವಿನಯ್ ಕುಮಾರ್ 2019ರಲ್ಲಿ ಕರ್ನಾಟಕವನ್ನು ಬಿಟ್ಟು ಪುದುಚೇರಿಗೆ ಆಡಿ, ಪ್ರಥಮ ದರ್ಜೆಯಲ್ಲಿ 504 ಹುದ್ದರಿಗಳೊಡನೆ 2021ರ ಫೆಬ್ರವರಿಯಲ್ಲಿ ನಿವೃತ್ತರಾದರು. ಅನಂತರ ಅವರು ಸೇರಿದ್ದು ಮುಂಬಯಿ ತಂಡಕ್ಕಾಗಿ ಹೊಸ ಆಟಗಾರರನ್ನು ಹುಡುಕುವ ಕೆಲಸಕ್ಕೆ. ಹುಲಿಯೋ ಸಿಂಹವೋ ಎಂದು ಹೆಸರಿಟ್ಟುಕೊಂಡು ಬಂದು ನಿಲ್ಲುತ್ತಿದ್ದವರು, ಕೊನೆಗೆ ಆರಿಸುವವರ ಸಾಲಿಗೆ ಬಂದರು.