ಮಾಳಿಗೆ ಹೋಗಿ ಸ್ಲ್ಯಾಬ್ ಬಂದ ಮೇಲೆ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಎರೆಭೂಮಿಯ ಊರುಗಳಲ್ಲಿ ಹಳೆಯ ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪಾಗಿರುವುದು ಮಣ್ಣಿನ ಗುಣದಿಂದ ಎಂಬ ಮಾತು ಅರ್ಧ ಮಾತ್ರ ನಿಜ. ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಸೊಪ್ಪುಸದೆ, ಆಮೇಲೆ ಅಡಿ ದಪ್ಪದ ಮಣ್ಣು, ಕೊನೆಗೆ ಸವಳು ಮಣ್ಣಿನ ಹೊದಿಕೆ. ಒಂದೊಂದು ಪದರಿಗೂ ಬೇರೆ ಕೆಲಸ. ದಪ್ಪ ಮಣ್ಣು ಮಧ್ಯಾಹ್ನದ ಕಾವನ್ನು ರಾತ್ರಿಯವರೆಗೆ ಒಳಗಿಳಿಯಗೊಡುವುದಿಲ್ಲ. ಆದರೆ ಎರೆ ಮಣ್ಣನ್ನೇ ಮೇಲೆ ಬಿಟ್ಟರೆ ಒಣಗಿ ಬಿರಿಯುತ್ತದೆ, ಮೊದಲ ಮಳೆಗೇ ಸೋರುತ್ತದೆ. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಆ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಬೇಕಾದದ್ದು ಹೀಗೆ. ಈ ಹೊದಿಕೆ ಮಳೆಗಷ್ಟೇ ಅಲ್ಲ, ಬಿಸಿಲಿಗೂ ಮುಖ್ಯ. ಮಣ್ಣು ನೆನೆದರೆ ಅದರ ರಂಧ್ರಗಳಲ್ಲಿ ಗಾಳಿಯ ಜಾಗಕ್ಕೆ ನೀರು ಬರುತ್ತದೆ; ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. ಗ್ಲಾಸ್‌ವೂಲ್, ಥರ್ಮಾಕೋಲ್‌ಗಳೂ ತಮ್ಮೊಳಗೆ ಹಿಡಿದಿಟ್ಟ ಗಾಳಿಯ ಬಲದಿಂದಲೇ ಕಾವು ತಡೆಯುವುದು; ಗ್ಲಾಸ್‌ವೂಲ್ ಒದ್ದೆಯಾದರಂತೂ ಅದಕ್ಕೆ ಸುರಿದ ದುಡ್ಡು ನೀರುಪಾಲು. ಹಾಗಾಗಿ ಯಾವ ವಸ್ತು ತಂದೆವು ಎನ್ನುವುದಕ್ಕಿಂತ ಯಾವುದರ ಮೇಲೆ ಯಾವುದನ್ನು ಇಟ್ಟೆವು ಎನ್ನುವುದೇ ದೊಡ್ಡದು.

ಹಾಗಾದರೆ ಮತ್ತೆ ಮಾಳಿಗೆ ಕಟ್ಟೋಣವೇ? ಬೇಡ. ಹತ್ತಡಿ ಉದ್ದಗಲದ ಕೋಣೆಯ ಮೇಲೆ ಅಡಿ ಮಣ್ಣೆಂದರೆ ಸುಮಾರು ನಾಲ್ಕೂವರೆ ಟನ್ ಭಾರ. ನೆನೆದರೆ ಇನ್ನೂ ಹೆಚ್ಚು. 2019ರ ಮಳೆ, ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟು ಮಣ್ಣಿನ ಮನೆಗಳು ಕುಸಿದವೆಂದು ಬಲ್ಲವರು ಸ್ಲ್ಯಾಬ್ ಹಾಕಿಸಿಕೊಂಡರೆ ತಪ್ಪೇನಿಲ್ಲ. ಮರವೂ ಸಿಗದು, ವರ್ಷವರ್ಷ ಮಾಳಿಗೆ ಮೇಲೆ ಮಣ್ಣು ಹಾಕುವ ಆಳೂ ಸಿಗರು. ತಪ್ಪಿರುವುದು ಸ್ಲ್ಯಾಬನ್ನು ಬೆತ್ತಲೆ ಬಿಡುವುದರಲ್ಲಿ. ವಸತಿ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಛಾವಣಿಯ ಶಾಖ ಸಾಗಣೆಗೆ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್ ಎಂಬ ಮಿತಿ ಇಟ್ಟಿದೆ. ಬರಿಯ ಸ್ಲ್ಯಾಬಿನದು ಅದರ ಮೂರು ಪಟ್ಟು. ಒಣಗಿದ ಅಡಿ ದಪ್ಪದ ಮಾಳಿಗೆ ಆ ಮಿತಿಯ ಹತ್ತಿರಕ್ಕೇ ಬರುತ್ತದೆ. ತಗಡಿನ ಮನೆಯ ಗತಿ ಹೇಳುವುದೇ ಬೇಡ: ಹಗಲು ಬೇಯುತ್ತದೆ, ಚಳಿಗಾಲದ ಬೆಳಗಿನಲ್ಲಿ ಒಲೆಯ ಹಬೆಯೇ ತಗಡಿಗೆ ತಾಗಿ ಹನಿಯಾಗಿ ಇಳಿಯುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಕೈಲಾದವರು ಸ್ಲ್ಯಾಬಿನ ಮೇಲೆ ಮೊದಲು ನೀರು ತಡೆಯುವ ಲೇಪ, ಅದರ ಮೇಲೆ ನೀರು ಹೀರದ ಗಟ್ಟಿ ಫೋಮ್ ಹಲಗೆ, ಮೇಲೆ ಗಾರೆ ಮತ್ತು ಬಿಳಿ ಹೆಂಚು ಹಾಕಿಸಬಹುದು. ಲೇಪಕ್ಕೂ ಬಿಸಿಲು ತಾಗದು. ಚಳಿ ದೇಶಗಳಲ್ಲಿ ಒಳಗಿನ ಹಬೆ ತಡೆಯಲು ಗೋಡೆಯ ಒಳಮೈಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ನೋಡಿ ನಕಲು ಮಾಡಬೇಡಿ, ನಮ್ಮ ಮಳೆಗಾಲದಲ್ಲಿ ತೇವ ನುಗ್ಗುವುದು ಹೊರಗಿನಿಂದ. ಅಷ್ಟು ಹಣವಿಲ್ಲದವರು ಸೋರುವ ಬಿರುಕು ಮುಚ್ಚಿ, ಬೇಸಿಗೆಗೆ ಮುಂಚೆ ಸ್ಲ್ಯಾಬಿಗೆ ಎರಡು ಕೈ ಸುಣ್ಣವನ್ನಾದರೂ ಬಳಿಸಿ.